ಕೊಸರು

(ಚಿಂತಾಮಣಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವ ವಿಷಯ ದೊಡ್ಡದು. ಕೊಳ್ಳುಬಾಕತನ, ಕಂಪನಿಗಳ ಬ್ರಾಂಡುಗಳು, ಮನುಷ್ಯ ಸಂಬಂಧ. ನಾನು ಅರ್ಥಶಾಸ್ತ್ರ ಓದಿದವಳಲ್ಲ. 31 ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದೆ. ಅದಕ್ಕೂ ಮುಂಚೆ ಕೈವಾರ ಕ್ರಾಸಿಗೆ ಹತ್ತಿರದ ಒಂದು ಹಳ್ಳಿಯಲ್ಲಿ, ನಮ್ಮಮ್ಮನ ಚಿಲ್ಲರೆ ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟಿದೆ. ಈ ವಿಷಯದ ಬಗ್ಗೆ ನನಗೆ ಏನಾದರೂ ಗೊತ್ತಿದ್ದರೆ ಅದು ಆ ಅಂಗಡಿಯಲ್ಲಿ ಕಲಿತದ್ದು. ಅದಕ್ಕೇ ಅಲ್ಲಿನ ಒಂದು ಪದದಿಂದ ಶುರು ಮಾಡುತ್ತೇನೆ. ಕೊಸರು.

ಪದ ಕಿವಿಗೆ ಬಿದ್ದ ಕೂಡಲೇ ಮುಂದಿನ ಸಾಲಿನ ಹಿರಿಯರ ಮುಖ ಅರಳಿತು. ಗೊತ್ತಿದ್ದವರು ಕೈ ಎತ್ತಿ ಅಂದರೆ ಹಿಂದೆ ಕೂತ ವಿದ್ಯಾರ್ಥಿಗಳಲ್ಲಿ ಎದ್ದದ್ದು ನಾಲ್ಕೈದು ಕೈ. ಅದು ನಿಮ್ಮ ತಪ್ಪಲ್ಲ ಮಕ್ಕಳೇ. ಕೊಸರು ಕೊಟ್ಟವರೇ ಇಲ್ಲದ ಮೇಲೆ ಪದ ಎಲ್ಲಿಂದ ಬರಬೇಕು?

ತೂಕ ಮುಗಿದು ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ, ಅಂಗಡಿಯವರು ಕೈಯಾರೆ ಹಾಕುವ ಒಂದು ಚಿಟಿಕೆ, ಒಂದು ಹಿಡಿ, ಒಂದು ಚೂರು. ಅದೇ ಕೊಸರು. ಅದಕ್ಕೆ ದುಡ್ಡಿಲ್ಲ, ಲೆಕ್ಕವಿಲ್ಲ. ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಇರುತ್ತವೆ, ಈ ಪದವೂ ಎರಡಕ್ಕೂ ಸೇರಿದ್ದು. "ಕೊಸರು ಹಾಕಕ್ಕಾ" ಅನ್ನುವವರಿದ್ದರು, "ಕೊಸರು ಎಯ್ಯಕ್ಕಾ" ಅನ್ನುವವರೂ ಇದ್ದರು. ಯಾರು ಯಾವ ಭಾಷೆಯಲ್ಲಿ ಕೇಳಿದರೂ ಅಮ್ಮನ ಕೈ ಅದೇ ಡಬ್ಬಕ್ಕೆ ಹೋಗುತ್ತಿತ್ತು.

ಅಮ್ಮ ಹುರಿಗಡಲೆ ತೂಗುವುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಿತ್ತಾಳೆ ತಟ್ಟೆಗೆ ಸ್ವಲ್ಪ ಸ್ವಲ್ಪವೇ ಸುರಿಯುವಳು. ಮುಳ್ಳು ನಡುವಿಗೆ ಬರುತ್ತಿದ್ದ ಹಾಗೆ ಕೈ ತಡೆದು, ಉಸಿರು ಬಿಗಿ ಹಿಡಿದು ನೋಡುವಳು. ಒಂದು ಕಾಳು ಹೆಚ್ಚಾದರೂ ತೆಗೆಯುವಳು, ಅಷ್ಟು ಕಟ್ಟುನಿಟ್ಟು. ಆಮೇಲೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರನ್ನೂ ಡಬ್ಬಕ್ಕೆ ಇಳಿಸಿ, ಎತ್ತಿದ ಚಿಟಿಕೆಯನ್ನು ಪೇಪರಿನ ಮೇಲೆ ಬಿಡುವಳು. ಆಗ ಮಾತ್ರ ಅವಳು ತಕ್ಕಡಿ ನೋಡುತ್ತಿರಲಿಲ್ಲ, ಎದುರಿಗೆ ನಿಂತವರ ಮುಖ ನೋಡುತ್ತಿದ್ದಳು. ಬಸುರಿ ಹೆಂಗಸು ಬಂದಿದ್ದರೆ ಕೊಸರು ಹುಣಸೆಹಣ್ಣಿನ ಎಳೆಯಾಗುತ್ತಿತ್ತು. ಮಗು ಬಂದಿದ್ದರೆ ಬೆಲ್ಲದ ಚೂರು. ಮಳೆ ಹೋಗಿ ರಾಗಿ ಕೈಕೊಟ್ಟ ವರ್ಷ ಚಿಟಿಕೆ ಹೋಗಿ ಹಿಡಿ ಆಗುತ್ತಿತ್ತು, ಅದೂ ಕೇಳದೆಯೇ.

ಸೀಲು ಮಾಡಿದ ಪಾಕೀಟಿಗೆ ಕೊಸರು ಹಾಕಲಾಗುವುದಿಲ್ಲ. ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ. ಪಾಕೀಟಿನ ಮೇಲೆ "20 ಪರ್ಸೆಂಟ್ ಎಕ್ಸ್‌ಟ್ರಾ" ಅಂತ ಅಚ್ಚು ಹಾಕಬಹುದು, ಎರಡು ಕೊಂಡರೆ ಒಂದು ಉಚಿತ ಅನ್ನಬಹುದು. ಆದರೆ ಅದು ಎಲ್ಲೋ ಒಂದು ಆಫೀಸಿನಲ್ಲಿ ಮೊದಲೇ ಲೆಕ್ಕ ಹಾಕಿ, ಎಲ್ಲರಿಗೂ ಒಂದೇ ಅಳತೆಯಲ್ಲಿ ಇಟ್ಟದ್ದು. ನಿಮ್ಮ ಮುಖ ನೋಡಿ ಕೊಟ್ಟದ್ದಲ್ಲ.

ಬ್ರಾಂಡು ಅನ್ನುವುದು ಯಾಕೆ ಹುಟ್ಟಿತು ಅಂತ ಸ್ವಲ್ಪ ನೋಡೋಣ. ಇಂಗ್ಲಿಷಿನ ಆ ಪದದ ಬೇರು ಸುಡುವುದು ಅನ್ನುವ ಅರ್ಥದಲ್ಲಿದೆ. ದನದ ಮೈಮೇಲೆ ಕಾದ ಕಬ್ಬಿಣದಿಂದ ಹಾಕುವ ಗುರುತು. ಬರೆ ಅನ್ನುತ್ತೇವಲ್ಲ, ಅದೇ. ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಕಾರ್ಖಾನೆಗಳ ಸರಕು ದೂರದ ಊರುಗಳಿಗೆ ಹೋಗತೊಡಗಿತು. ಮಾಡಿದವರು ಯಾರೋ, ಕೊಳ್ಳುವವರು ಯಾರೋ. ನಂಬಿಕೆಗೆ ಏನಾದರೂ ಒಂದು ಬೇಕಿತ್ತು. ಬ್ರಿಟನ್ನಿನಲ್ಲಿ ಟ್ರೇಡ್‌ಮಾರ್ಕ್ ನೋಂದಣಿ ಶುರುವಾದದ್ದು 1876ರ ಜನವರಿ 1ರಂದು, ಮೊದಲು ನೋಂದಾದದ್ದು ಒಂದು ಬಿಯರ್ ಕಂಪನಿಯ ಕೆಂಪು ತ್ರಿಕೋನ. ಮರುವರ್ಷ, 1877ರಲ್ಲಿ, ಅಮೆರಿಕದಲ್ಲಿ ಓಟ್ಸ್ ಮಾರುವ ಕ್ವೇಕರ್ ಕಂಪನಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದ ಉಡುಪು ತೊಟ್ಟ ಒಬ್ಬ ಮನುಷ್ಯನ ಚಿತ್ರವನ್ನು ತನ್ನ ಗುರುತಾಗಿ ನೋಂದಾಯಿಸಿತು. ಆ ಪಂಥಕ್ಕೂ ಆ ವ್ಯಾಪಾರಕ್ಕೂ ಸಂಬಂಧವಿರಲಿಲ್ಲ. ಅವರು ಸತ್ಯವಂತರು ಅಂತ ಜನರಲ್ಲಿ ಹೆಸರಿತ್ತು, ಆ ಹೆಸರನ್ನು ಎರವಲು ಪಡೆದರು. ನಮ್ಮ ದೇಶಕ್ಕೆ 1888ರಲ್ಲಿ ಕಲ್ಕತ್ತೆಯ ಬಂದರಿಗೆ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಬಂದಿಳಿದವು. ಇಂಗ್ಲೆಂಡಿನಲ್ಲಿ ಲಿವರ್ ಬ್ರದರ್ಸ್ ಮಾಡಿದ್ದು ಅಂತ ಪೆಟ್ಟಿಗೆ ಮೇಲೆ ಬರೆದಿತ್ತು.

ಇದರಲ್ಲಿ ತಪ್ಪೇನಿದೆ ಅಂತ ನೀವು ಕೇಳಬಹುದು. ಅಲ್ಲಿಯವರೆಗೆ ತಪ್ಪಿಲ್ಲ. ಯಾರು ಮಾಡಿದ್ದು, ಯಾವತ್ತು ಮಾಡಿದ್ದು, ಎಷ್ಟು ಬೆಲೆ ಅಂತ ಬರೆದಿರುವುದು ಒಳ್ಳೆಯದೇ. ಕಲ್ಲು ಬೆರೆಸಿದ ಬೇಳೆ, ಒಳಗೆ ಕೊರೆದ ತೂಕದ ಬಟ್ಟು, ಇವನ್ನೆಲ್ಲ ನಮ್ಮ ಅಜ್ಜಿಯರು ಕಂಡಿದ್ದಾರೆ. ಗೊತ್ತಿಲ್ಲದ ಕಡೆ ಗುರುತು ಬೇಕು. ನನ್ನ ತಕರಾರು ಅದರ ಮುಂದಿನ ಹೆಜ್ಜೆಯದು. ನಂಬಿಕೆಯ ಜಾಗದಲ್ಲಿ ಬದಲಿಗೆ ಕೂತಿದ್ದ ಗುರುತು ಈಗ ಪ್ರೀತಿ ಕೇಳುತ್ತಿದೆ. "ನಾವು ನಿಮ್ಮ ಕುಟುಂಬ" ಅನ್ನುತ್ತದೆ. ಆರು ತಿಂಗಳು ಏನೂ ಕೊಳ್ಳದಿದ್ದರೆ "ನಿಮ್ಮನ್ನು ಮಿಸ್ ಮಾಡ್ಕೊಳ್ತಿದ್ದೀವಿ" ಅಂತ ಫೋನಿಗೆ ಮೆಸೇಜು ಕಳಿಸುತ್ತದೆ. ನಾನು ಒಂದು ತಿಂಗಳು ಮಂಡಿ ಆಪರೇಷನ್ ಆಗಿ ಮಲಗಿದ್ದಾಗ ನನ್ನನ್ನು ಮಿಸ್ ಮಾಡಿಕೊಂಡು ಬಂದವಳು ಬೆಳಿಗ್ಗೆ ಸೊಪ್ಪು ಮಾರುವ ಹೆಂಗಸು. ಎರಡು ದಿನ ಬಾಗಿಲು ತೆಗೆಯದ್ದನ್ನು ನೋಡಿ ಪಕ್ಕದ ಮನೆಯಲ್ಲಿ ವಿಚಾರಿಸಿ ಬಂದಿದ್ದಳು. ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು.

ಈಗ ಒಬ್ಬ ಹುಡುಗನ ವಿಷಯ ಹೇಳಬೇಕು. ಒಂಬತ್ತನೇ ಕ್ಲಾಸು, ಚೆನ್ನಾಗಿ ಪದ್ಯ ಓದುತ್ತಿದ್ದ. ಒಂದು ದಿನ ಅವನ ಬಿಳಿ ಕ್ಯಾನ್ವಾಸ್ ಶೂ ಮೇಲೆ ನೀಲಿ ಗೆರೆ ಕಂಡಿತು. ಶಾಯಿ ಚೆಲ್ಲಿಕೊಂಡಿದ್ದಾನೆ ಅಂದುಕೊಂಡು ಬಗ್ಗಿ ನೋಡಿದರೆ, ಬಾಲ್‌ಪೆನ್ನಿನಲ್ಲಿ ಎರಡೂ ಶೂಗಳ ಪಕ್ಕಕ್ಕೆ ರೈಟ್ ಗುರುತು ಬರೆದುಕೊಂಡಿದ್ದ. ತಿದ್ದಿ ತಿದ್ದಿ ಬಟ್ಟೆ ಒಂದು ಕಡೆ ತೂತು ಬೀಳುವ ಹಾಗಾಗಿತ್ತು. "ಇದೇನಪ್ಪಾ" ಅಂದೆ. ತಲೆ ತಗ್ಗಿಸಿ, "ದೂರದಿಂದ ನೋಡಿದ್ರೆ ಗೊತ್ತಾಗಲ್ಲ ಮಿಸ್" ಅಂದ. ನಾನು ದಿನಕ್ಕೆ ನೂರು ನೂರೈವತ್ತು ರೈಟು ಹಾಕುತ್ತಿದ್ದವಳು. ಮಕ್ಕಳ ನೋಟ್‌ಬುಕ್ಕಿನಲ್ಲಿ ಅದರ ಅರ್ಥ "ನೀನು ಬರೆದದ್ದು ಸರಿ" ಅಂತ. ಆ ಹುಡುಗ ತನ್ನ ಕಾಲಿಗೆ ತಾನೇ ರೈಟು ಹಾಕಿಕೊಂಡಿದ್ದ, ತಾನು ಸರಿ ಅಂತ ಯಾರಾದರೂ ಒಪ್ಪಲಿ ಅಂತ.

ರೈಟಿನ ಹಾಗೇ ಕಾಣುವ ಆ ಗುರುತು ನೈಕಿ ಅನ್ನುವ ಶೂ ಕಂಪನಿಯದು. ಅದನ್ನು 1971ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿನಿ, ಕ್ಯಾರೊಲಿನ್ ಡೇವಿಡ್‌ಸನ್, ಬರೆದುಕೊಟ್ಟದ್ದು. ಆಗ ಅವರಿಗೆ ಸಿಕ್ಕಿದ್ದು 35 ಡಾಲರ್. ಒಬ್ಬ ಹುಡುಗಿ ಕಾಗದದ ಮೇಲೆ ಎಳೆದ ಒಂದು ಗೆರೆ, ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಹುಡುಗನಿಗೆ ನೀನು ಸಾಲದು ಅಂತ ಹೇಳುವಷ್ಟು ಬಲ ಪಡೆಯಬೇಕಾದರೆ ಅದರ ಹಿಂದೆ ಎಷ್ಟು ದುಡ್ಡು, ಎಷ್ಟು ಜಾಹೀರಾತು ಸುರಿದಿರಬೇಕು ಯೋಚಿಸಿ. ನಾನು ಆ ಹುಡುಗನಿಗೆ ನಮ್ಮ ಜಿಲ್ಲೆಯ ಎಚ್. ನರಸಿಂಹಯ್ಯನವರ ಕಥೆ ಹೇಳಿದೆ. 1920ರಲ್ಲಿ ಗೌರಿಬಿದನೂರಿನ ಹೊಸೂರಿನಲ್ಲಿ ಬಡ ಮನೆಯಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಖಾದಿ, ಟೋಪಿ ಬಿಡಲಿಲ್ಲ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲಿ ಹುಡುಗರ ಜೊತೆಯಲ್ಲೇ ಬಾಳಿದರು. ಹುಡುಗ ಕೇಳಿಸಿಕೊಂಡ. ಆದರೆ ಕಥೆ ಮುಗಿದ ಮೇಲೂ ಅವನ ಕಣ್ಣು ಶೂ ಮೇಲೆಯೇ ಇತ್ತು. ಕಥೆಯಿಂದ ನಾಚಿಕೆ ಹೋಗುವುದಿಲ್ಲ, ಜೊತೆಗಿರುವವರಿಂದ ಹೋಗುತ್ತದೆ. ಅವನನ್ನು ಕಬಡ್ಡಿ ಟೀಮಿಗೆ ಸೇರಿಸಿದ ಮೇಲೆ, ಬರಿಗಾಲಲ್ಲಿ ಆಡುವ ಹುಡುಗರ ನಡುವೆ, ಆ ನೀಲಿ ಗೆರೆ ಮಾಸಿತು. ಅವನು ಮತ್ತೆ ತಿದ್ದಲಿಲ್ಲ.

ನಾನು ಹಳೆಯ ಕಾಲವನ್ನು ಹೊಗಳುತ್ತಿದ್ದೇನೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಹಾಗಿದ್ದರೆ ಇದನ್ನೂ ಕೇಳಿ. ನಮ್ಮಮ್ಮನ ಅಂಗಡಿಯ ಕಟ್ಟೆಗೆ ಮೂರಡಿ ದೂರದಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ದಲಿತ ಕೇರಿಯಿಂದ ಬಂದವರು ಅದರ ಆಚೆಗೇ ನಿಲ್ಲುತ್ತಿದ್ದರು. ದುಡ್ಡನ್ನು ಕಲ್ಲಿನ ಮೇಲೆ ಇಡುತ್ತಿದ್ದರು. ಅಮ್ಮ ಸರಕನ್ನು ಅವರು ಒಡ್ಡಿದ ಸೆರಗಿಗೆ, ಟವಲಿಗೆ ಮೇಲಿನಿಂದ ಸುರಿಯುತ್ತಿದ್ದಳು, ಕೈ ತಾಗದ ಹಾಗೆ. ಕೊಸರನ್ನೂ ಹಾಕುತ್ತಿದ್ದಳು, ಅದನ್ನೂ ಮೇಲಿನಿಂದಲೇ. ಎಲ್ಲರ ಹೆಸರೂ ಅವಳಿಗೆ ಗೊತ್ತಿತ್ತು, ಯಾರ ಮನೆಯಲ್ಲಿ ಏನು ಕಷ್ಟ ಅನ್ನುವುದೂ ಗೊತ್ತಿತ್ತು. ಆ ಕಲ್ಲು ಮಾತ್ರ ಅಲ್ಲೇ ಇತ್ತು. ಕಂಬಾಲಪಲ್ಲಿ ನಮ್ಮ ತಾಲ್ಲೂಕಿನದೇ ಊರು. 2000ನೇ ಇಸವಿಯ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಅಷ್ಟು ಚಿಕ್ಕ ಊರಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ ಅನ್ನಲಾಗುತ್ತದೆಯೇ? ಗುರುತು ಪರಿಚಯ ಇದ್ದ ಮಾತ್ರಕ್ಕೆ ಪ್ರೀತಿ ಇರುತ್ತದೆ ಅಂತ ಈ ನೆಲದಲ್ಲಿ ನಿಂತು ನಾನು ಹೇಳಲಾರೆ.

ಇವತ್ತು ಅದೇ ಕೇರಿಯ ಹುಡುಗ ಸೂಪರ್ ಮಾರ್ಕೆಟ್ಟಿಗೆ ಹೋಗಿ ತಾನೇ ಬುಟ್ಟಿ ಹಿಡಿದು, ಬೇಕಾದ ಸಾಮಾನನ್ನು ತಾನೇ ಮುಟ್ಟಿ ನೋಡಿ ತೆಗೆದುಕೊಳ್ಳುತ್ತಾನೆ. ಯಾರೂ ಜಾತಿ ಕೇಳುವುದಿಲ್ಲ. ಅದು ಅವನ ಪಾಲಿಗೆ ಸಣ್ಣ ವಿಷಯವಲ್ಲ, ಅದನ್ನು ಸಣ್ಣದು ಮಾಡುವ ಹಕ್ಕು ನನಗಿಲ್ಲ. ಆದರೆ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಮುಟ್ಟದಿರುವುದು ಹೋದದ್ದಲ್ಲ, ಎಲ್ಲರಿಗೂ ಬಂದದ್ದು. ಅಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ. ನನಗೆ ಬೇಕಾದದ್ದು ಆ ಕಲ್ಲಿಲ್ಲದ ಅಂಗಡಿ. ಅಂಥದ್ದು ಹಿಂದೆ ಇರಲಿಲ್ಲ. ಅದನ್ನು ನಾವೇ ಕಟ್ಟಬೇಕು.

ಕೈ ಮುಟ್ಟದೆ ಮಾಡಲಾಗದ ವ್ಯಾಪಾರ ಒಂದಿದೆ, ಬಳೆ ವ್ಯಾಪಾರ. ಕೈವಾರದ ತಾತಯ್ಯನವರನ್ನು ನಾವು ಯೋಗಿ ನಾರೇಯಣ ಅಂತ ಪೂಜಿಸುತ್ತೇವೆ, ಕನ್ನಡದಲ್ಲೂ ತೆಲುಗಿನಲ್ಲೂ ಅವರ ಪದ ಹಾಡುತ್ತೇವೆ. ಅವರು ಮೊದಲು ಮಾಡುತ್ತಿದ್ದುದು ಇದೇ ಕಸುಬು, ಹಳ್ಳಿ ಹಳ್ಳಿ ತಿರುಗಿ ಬಳೆ ಮಾರುವುದು. ನಮ್ಮ ಮನೆಗೂ ಒಬ್ಬ ಮುದುಕ ಬಳೆಗಾರ ಬರುತ್ತಿದ್ದ. ಒಂದು ವರ್ಷ ನಮ್ಮ ಅತ್ತಿಗೆಗೆ ಬಳೆ ತೊಡಿಸಲು ಕೂತ. ಹೊಸದಾಗಿ ಬಂದ ಸೊಸೆ, ಬಾಯಿ ಬಿಡುತ್ತಿರಲಿಲ್ಲ. ಆತ ಅವಳ ಅಂಗೈಯನ್ನು ಮಡಿಸಿ, ಹೆಬ್ಬೆರಳಿನ ಬುಡ ಒತ್ತಿ, ಬಳೆ ಏರಿಸಿ, ಒಂದು ಗಳಿಗೆ ಸುಮ್ಮನಾದ. "ತಾಯಿ, ಹೋದ ಯುಗಾದಿಗೆ ಎರಡು ಆರು ಹಿಡಿಸಿತ್ತು. ಈಗ ಎರಡು ನಾಲ್ಕು ಸಡಿಲ ಆಯ್ತಿದೆ. ಉಣ್ತಾ ಇದೀಯಾ?" ಅಂದ. ಮಾತು ಅವಳಿಗೆ, ಆದರೆ ಕೇಳಿಸಬೇಕಾದದ್ದು ನಮ್ಮಮ್ಮನಿಗೆ. ಅಮ್ಮ ಏನೂ ಹೇಳಲಿಲ್ಲ. ಮಾರನೇ ದಿನ ಅಂಗಡಿ ಬಾಗಿಲು ಹಾಕಿ ಸೊಸೆಯನ್ನು ಚಿಂತಾಮಣಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ತೀರಾ ಕಡಿಮೆಯಾಗಿತ್ತು.

ಆ ಬಳೆಗಾರ ಅವತ್ತು ಮಾರಿದ್ದು ಒಂದು ಡಜನ್ ಗಾಜಿನ ಬಳೆ. ಆ ಪ್ರಶ್ನೆ ಅದರ ಮೇಲಿನ ಕೊಸರು.

ಇನ್ನು ಸಾಲದ ವಿಷಯ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಬರಲಿ. ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಹೆಂಗಸೊಬ್ಬರಿದ್ದಾರೆ. ಮಗಳ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಬರುವ ಹೊತ್ತಿಗೆ ಮನೆಯಲ್ಲಿ ಒಳ್ಳೆ ಕಂಪನಿಯ ಫ್ರಿಜ್ಜು, ದೊಡ್ಡ ಟಿವಿ ಇರಬೇಕು ಅಂತ ಆಯಿತು. ಒಂದು ಫೈನಾನ್ಸ್ ಕಂಪನಿಯ ಗುಂಪು ಸಾಲ ತೆಗೆದುಕೊಂಡರು. ಗುಂಪು ಸಾಲದ ಕ್ರಮ ನಿಮ್ಮಲ್ಲಿ ಎಷ್ಟೋ ಜನರ ಅಮ್ಮಂದಿರಿಗೆ ಗೊತ್ತು. ಅಡಮಾನ ಇಲ್ಲ, ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಮೂರು ವಾರ ಹೂವಿಗೆ ಬೆಲೆ ಬಿತ್ತು, ಕಂತು ನಿಂತಿತು. ಕಂತಿನ ದಿನ ವಸೂಲಿಗೆ ಬಂದ ಹುಡುಗ ಅವರ ಮನೆ ಜಗಲಿಯ ಮೇಲೆ ಗುಂಪಿನ ಹೆಂಗಸರನ್ನೆಲ್ಲ ಕೂರಿಸಿದ, ದುಡ್ಡು ಬರುವ ತನಕ ಯಾರೂ ಏಳಬಾರದು ಅಂತ. ರಾತ್ರಿ ಎಂಟಾದರೂ ಕೂತಿದ್ದರು. ಇಪ್ಪತ್ತು ವರ್ಷ ಒಂದೇ ನಲ್ಲಿಯಲ್ಲಿ ನೀರು ಹಿಡಿದವರು, ಒಬ್ಬರ ಬಾಣಂತನ ಒಬ್ಬರು ಮಾಡಿದವರು. ಅವತ್ತಿನಿಂದ ಅವರ ನಡುವೆ ಮಾತಿಲ್ಲ.

ಅಡಮಾನ ಇಲ್ಲ ಅನ್ನುವುದು ಸುಳ್ಳು ಅಂತ ನನಗೆ ಅವತ್ತು ಅರ್ಥವಾಯಿತು. ಆ ಹೆಂಗಸರ ಸ್ನೇಹವನ್ನೇ ಅಡವಿಟ್ಟುಕೊಂಡಿದ್ದರು. ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು ಇಂಥ ಎಷ್ಟೋ ಜಗಲಿಗಳ ಕಾರಣಕ್ಕೆ. ಆದರೆ ಮುರಿದ ಮಾತನ್ನು ಯಾವ ಆಜ್ಞೆಯೂ ಜೋಡಿಸಲಾರದು. ಹಿಂದೆ ಮುಯ್ಯಿ ಅಂತ ಇತ್ತು. ನಿಮ್ಮ ಮನೆ ಮದುವೆಗೆ ನಾನು ಹತ್ತು ಸೇರು ಅಕ್ಕಿ ತಂದರೆ, ನಮ್ಮ ಮನೆ ಮದುವೆಗೆ ನೀವು ತರುತ್ತೀರಿ. ಅದಕ್ಕೂ ಲೆಕ್ಕ ಇತ್ತು, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು, ಕೊಡದಿದ್ದರೆ ಮುನಿಸೂ ಇತ್ತು. ಆದರೆ ಅದಕ್ಕೆ ಕಂತಿನ ದಿನ ಇರಲಿಲ್ಲ. ತೀರಿಸಬೇಕಾದ ದಿನ ಅಂದರೆ ಇನ್ನೊಂದು ಮನೆಯ ಸಂತೋಷದ ದಿನ.

ನಾವು 2007ರವರೆಗೆ ಕೋಲಾರ ಜಿಲ್ಲೆಯವರೇ ಆಗಿದ್ದೆವು, ಹಾಗಾಗಿ ನರಸಾಪುರ ನನಗೆ ಈಗಲೂ ನಮ್ಮೂರೇ. ಅಲ್ಲಿ ಐಫೋನ್ ಜೋಡಿಸುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಬೆಳಗಿನ ಜಾವದ ಬಸ್ಸು ಹಿಡಿದು ಆ ಕೆಲಸಕ್ಕೆ ಹೋದವರು. ಫೋನಿನ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ವಿನ್ಯಾಸ, ಭಾರತದಲ್ಲಿ ಜೋಡಣೆ ಅಂತ ಬರೆದಿರುತ್ತದೆ. ಎರಡು ಜಾಗದ ಹೆಸರು, ಒಂದು ಕೈಯ ಸುಳಿವೂ ಇಲ್ಲ. 2020ರ ಡಿಸೆಂಬರಿನಲ್ಲಿ ಸಂಬಳದ ವಿಷಯಕ್ಕೆ ಆ ಕಾರ್ಖಾನೆಯಲ್ಲಿ ಗಲಾಟೆಯಾದಾಗ ಮಾತ್ರ ಆ ಕೈಗಳು ಲೋಕಕ್ಕೆ ಕಂಡವು. ಬ್ರಾಂಡಿನ ಹೊಳಪು ಹೆಚ್ಚಿದಷ್ಟೂ ಅದನ್ನು ಮಾಡಿದವರು ಕಾಣಿಸುವುದಿಲ್ಲ.

ಎಲ್ಲ ಹೆಸರೂ ಹಾಗಲ್ಲ ಅನ್ನುವುದಕ್ಕೆ ನಂದಿನಿ ಇದೆ. 2023ರ ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಅಂದಾಗ ನಾವೆಲ್ಲ ನಂದಿನಿ ಅಂತ ಕೂಗಿದ್ದು ಪಾಕೀಟಿನ ಮೇಲಿನ ಹಸುವಿಗಾಗಿ ಅಲ್ಲ. ಬೆಳಿಗ್ಗೆ ಆರು ಗಂಟೆಗೆ ಹಳ್ಳಿಯ ಡೇರಿ ಮುಂದೆ ಹೋಗಿ ನಿಲ್ಲಿ. ಕ್ಯಾನು ಹಿಡಿದು ಸಾಲುಗಟ್ಟಿದ ಹೆಂಗಸರು, ಫ್ಯಾಟು ಕಡಿಮೆ ಬಂತು ಅಂತ ಸೆಕ್ರೆಟರಿ ಜೊತೆ ಜಗಳ, ಹಸು ಈಯ್ದ ಸುದ್ದಿ. ಅಲ್ಲೂ ರಾಜಕೀಯ ಇದೆ, ನೀರು ಬೆರೆಸುವವರೂ ಇದ್ದಾರೆ. ಆದರೆ ಜಗಳ ಆಡಲು ಎದುರಿಗೆ ಒಂದು ಮುಖ ಇದೆ. ಆ ಹೆಸರಿನ ಹಿಂದೆ ಹೋದರೆ ನಿಮ್ಮದೇ ಊರು ಸಿಗುತ್ತದೆ.

ಹಾಗಾದರೆ ಏನು ಮಾಡಬೇಕು ಅಂತ ಒಬ್ಬ ವಿದ್ಯಾರ್ಥಿ ಚೀಟಿ ಕಳಿಸಿದ್ದಾನೆ. ಎಲ್ಲ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ, ನನ್ನ ಕೈಯಲ್ಲೂ ಆಗಿಲ್ಲ. ನಾನು ಮಾಡುವುದು ಇಷ್ಟು. ಸೊಪ್ಪು, ಹೂ, ಹಣ್ಣು, ಕಡ್ಲೆಕಾಯಿ 'ಆಪ್'ನಲ್ಲಿ ತರಿಸುವುದಿಲ್ಲ. ಬೀದಿಯಲ್ಲಿ ಮಾರುವವರ ಹತ್ತಿರ ಚೌಕಾಸಿ ಮಾಡುವುದಿಲ್ಲ, ಕೊಸರು ಮಾತ್ರ ಬಾಯಿ ಬಿಟ್ಟು ಕೇಳುತ್ತೇನೆ, ಕೇಳಿದರೆ ಅವರಿಗೂ ಖುಷಿ. ಮೊಮ್ಮಕ್ಕಳನ್ನು ಅಂಗಡಿಗೆ ಒಬ್ಬರನ್ನೇ ಕಳಿಸುತ್ತೇನೆ, ಅಂಗಡಿಯವರ ಹೆಸರು ಕೇಳಿಕೊಂಡು ಬಾ ಅಂತ. ಮತ್ತೆ, ಅನಿವಾರ್ಯವಾಗಿ ಸೂಪರ್ ಮಾರ್ಕೆಟ್ಟಿಗೆ ಹೋದಾಗಲೂ ಕೌಂಟರಿನ ಹಿಂದೆ ಇರುವವರನ್ನು ನೋಡುತ್ತೇನೆ.

ಹೋದ ತಿಂಗಳು ಹಾಗೆ ಒಂದು ಕಡೆ ಹೋಗಿದ್ದೆ. ಬಿಲ್ಲು ಹಾಕುತ್ತಿದ್ದ ಹುಡುಗಿ "ಫೋನ್ ನಂಬರ್ ಹೇಳಿ" ಅಂತ ತಲೆ ಎತ್ತಿದವಳು, "ಮಿಸ್!" ಅಂದಳು. ಹತ್ತು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದವಳು. ನಿಂತೇ ಇದ್ದಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ. ಕೌಂಟರಿನ ಹಿಂದೆ ಸ್ಟೂಲು ಇರಲಿಲ್ಲ. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕಿದೆ ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಬೇಕಾಯಿತು. ಕೂರುವುದಕ್ಕೂ ಕಾನೂನು ಬೇಕಾದ ಕಾಲ ಇದು. ಆ ಸ್ಟೂಲಿನ ಬಗ್ಗೆ ನಾನು ಅಲ್ಲಿನ ಮ್ಯಾನೇಜರನ್ನು ಎರಡು ಸಲ ಕೇಳಿದ್ದೇನೆ. ನಿಮ್ಮಲ್ಲಿ ಹತ್ತು ಜನ ನೀವು ಹೋಗುವ ಅಂಗಡಿಗಳಲ್ಲಿ ಕೇಳಿ, ಸ್ಟೂಲು ಬಂದೇ ಬರುತ್ತದೆ.

ಅವಳು ನನ್ನ ಸಾಮಾನು ಒಂದೊಂದೇ ತೋರಿಸಿ ಬಿಲ್ಲು ಹಾಕುತ್ತಿದ್ದಳು. ತೊಗರಿಬೇಳೆ ಪಾಕೀಟು ಕೈಗೆ ಬಂದಾಗ ನಿಂತಳು. ಆ ಕಡೆ ಈ ಕಡೆ ನೋಡಿ, ಪಾಕೀಟನ್ನು ಕೆಳಗೆ ತನ್ನ ಕಾಲ ಹತ್ತಿರ ಇಟ್ಟುಕೊಂಡಳು. ಮುಂದೆ ಬಗ್ಗಿ ಮೆಲ್ಲಗೆ ಹೇಳಿದಳು:

"ಇದು ಬೇಡ ಮಿಸ್, ಹಳೇ ಸ್ಟಾಕು, ಹುಳ ಬಿದ್ದಿದೆ. ಶುಕ್ರವಾರ ಹೊಸದು ಬರುತ್ತೆ, ಐದು ಗಂಟೆ ಒಳಗೆ ಬನ್ನಿ. ಆಮೇಲೆ ನಾನಿರಲ್ಲ."